ಆಂಪ್ ಕೆಟ್ಟಿಲ್ಲ, ಕೂರಿಸಿದ್ದು ಕೆಟ್ಟಿದೆ

ಬೇಸಿಗೆ ಏರಿತೆಂದರೆ ರಾಯಚೂರು ಕಡೆ ಕಾರ್ ಆಡಿಯೊ ಕೆಲಸ ಮಾಡುವವರ ಮುಂದೆ ಒಂದೇ ನಮೂನೆಯ ದೂರು ಬರುತ್ತದೆ. ದೇವದುರ್ಗದ ದಾರಿ ಅರ್ಧ ಸವೆಯುವುದರೊಳಗೆ ಬಾಸ್ ನಿಂತುಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಮರಳುತ್ತದೆ, ಮತ್ತೆ ಹೋಗುತ್ತದೆ. ಗಾಡಿಯವರು ಆಂಪ್, ಅಂದರೆ ಆಂಪ್ಲಿಫೈಯರ್, ಸುಟ್ಟಿದೆ ಅನ್ನುತ್ತಾರೆ. ಬಿಚ್ಚಿ ಮೇಜಿನ ಮೇಲಿಟ್ಟು ನುಡಿಸಿದರೆ ಅದೇ ಆಂಪ್ ಸಂಜೆವರೆಗೆ ಒಮ್ಮೆಯೂ ತೊದಲುವುದಿಲ್ಲ. ತಪ್ಪಿರುವುದು ಅದನ್ನು ಡಿಕ್ಕಿಯೊಳಗೆ ಕೂರಿಸಿದ ರೀತಿಯಲ್ಲಿ.

ಕೂರಿಸುವುದಕ್ಕೆ ಸಿದ್ಧ ರ‍್ಯಾಕ್ ಅಂಗಡಿಯಲ್ಲಿ ಸಿಗುವುದು ಅಪರೂಪ. ಒಂದೊಂದು ಗಾಡಿಯ ಡಿಕ್ಕಿ ಒಂದೊಂದು ಅಳತೆ, ಒಂದೊಂದು ಆಂಪ್‌ನ ತೂತು ಒಂದೊಂದು ದೂರ. ಹಾಗಾಗಿ ಪ್ಲೈವುಡ್, ಆಂಗಲ್, ಅಲ್ಯುಮಿನಿಯಂ ಪಟ್ಟಿ ತಂದು ನಾವೇ ಮಾಡಿಕೊಳ್ಳುವುದು ರೂಢಿ. ಚೆನ್ನಾಗಿ ಮಾಡಿದರೆ ಅದೇ ಉತ್ತಮವೂ ಹೌದು. ಕೈಗಳಿಗೆ ಇಲ್ಲಿ ಬರವಿಲ್ಲ. ರಾಯಚೂರಿನ ಗಂಜ್ ಸುತ್ತಮುತ್ತಲಿನ, ಮಾನ್ವಿಯ ವೆಲ್ಡಿಂಗ್ ಅಂಗಡಿಗಳವರು ರೈಸ್ ಮಿಲ್ಲು, ಜಿನ್ನಿಂಗ್ ಮಿಲ್ಲುಗಳ ಕೆಲಸದಲ್ಲಿ ಪಳಗಿದವರು. ಕೆಲಸ ಕೆಡಿಸುವುದು ಬಾಯಿಂದ ಬಾಯಿಗೆ ಬಂದ ಕೆಲವು ನಂಬಿಕೆಗಳು. ಅರ್ಧ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದವು, ಇನ್ನರ್ಧ ತಂಪು ದೇಶದವರ ವಿಡಿಯೊಗಳಿಂದ ಮೊಬೈಲ್ ಮೂಲಕ ಇಳಿದವು. ಜನ ಆಡುವ ಮಾತಿನಲ್ಲೇ ಅವನ್ನು ಒಂದೊಂದಾಗಿ ನೋಡೋಣ.

“ಕಬ್ಬಿಣದ ರ‍್ಯಾಕ್ ಇದ್ರ ಬಿಸಿ ಎಲ್ಲಾ ಅದೇ ಎಳಕೊಂತದ”

ಕೇಳಲು ಸರಿಯೆನಿಸುತ್ತದೆ. ಕಬ್ಬಿಣ ಮರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ, ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ನಾಲ್ಕು ಪಟ್ಟು. ಆದರೆ ಶಾಖ ಹರಿಯಬೇಕಾದರೆ ಲೋಹಕ್ಕೆ ಲೋಹ ಮೈಯೊತ್ತಿ ಕೂತಿರಬೇಕು. ನಿಮ್ಮ ಆಂಪ್ ಮಗುಚಿ ತಳ ನೋಡಿ. ಬಹಳಷ್ಟಕ್ಕೆ ತಳದಲ್ಲಿರುವುದು ಒಂದು ತೆಳು ತಗಡಿನ ಮುಚ್ಚಳ, ನಾಲ್ಕು ಮೂಲೆಗೆ ಕಾಲು. ಬಿಸಿಯಾಗುವ ಟ್ರಾನ್ಸಿಸ್ಟರ್‌ಗಳನ್ನು ಬಿಗಿದಿರುವುದು ರೆಕ್ಕೆ ರೆಕ್ಕೆಯಾಗಿರುವ ಅಲ್ಯುಮಿನಿಯಂ ಹೊರಮೈಗೆ. ಅಲ್ಲಿಂದ ಬಿಸಿ ಹೋಗಬೇಕಾದದ್ದು ಗಾಳಿಗೆ. ನಾಲ್ಕು ಸ್ಕ್ರೂಗಳ ಮೂಲಕ ಕಬ್ಬಿಣಕ್ಕೆ ಇಳಿಯುವ ಬಿಸಿ ಲೆಕ್ಕಕ್ಕೆ ಬರುವಂಥದ್ದಲ್ಲ. ಹಾಗಾಗಿ ರ‍್ಯಾಕ್ ಯಾವುದರದ್ದು ಎನ್ನುವುದಕ್ಕಿಂತ ಅದು ಆಂಪ್‌ನ ಸುತ್ತ ಎಷ್ಟು ಬಯಲು ಬಿಟ್ಟಿದೆ ಎನ್ನುವುದೇ ಮುಖ್ಯ.

ಎಷ್ಟು ಬಿಸಿ? ಏಬಿ ಕ್ಲಾಸ್ ಆಂಪ್ ಬ್ಯಾಟರಿಯಿಂದ ಎಳೆದ ಶಕ್ತಿಯಲ್ಲಿ ಸ್ಪೀಕರ್‌ಗೆ ತಲುಪುವುದು ಪೂರ್ಣ ಜೋರಿನಲ್ಲಿ ಶೇ. 50ರಿಂದ 65, ಉಳಿದದ್ದು ಶಾಖ. ಡಿ ಕ್ಲಾಸ್ ಆದರೆ ಶೇ. 80ರಿಂದ 90 ಸ್ಪೀಕರ್‌ಗೆ ಹೋಗುತ್ತದೆ. ಅಂದರೆ 400 ವಾಟ್ ಕೊಡುವ ಏಬಿ ಆಂಪ್ ಜೋರಾಗಿ ನುಡಿದಾಗ 300 ವಾಟ್ ಆಸುಪಾಸು ಶಾಖ ಕಕ್ಕುತ್ತದೆ. ಹಾಡಿನಲ್ಲಿ ಏರಿಳಿತ ಇರುವುದರಿಂದ ಸರಾಸರಿ ಇದಕ್ಕಿಂತ ಕಡಿಮೆ ನಿಜ. ಆದರೂ ಹಳೆಯ ಕಾಲದ 100 ವಾಟ್ ಬಲ್ಬ್ ಒಂದನ್ನು ಹೊತ್ತಿಸಿ ಡಿಕ್ಕಿ ಮುಚ್ಚಿದಂತೆಯೇ. ಡಿಜೆ ಹಾಡುಗಳಲ್ಲಂತೂ ಬಾಸ್‌ಗೆ ಬಿಡುವೇ ಇರುವುದಿಲ್ಲ, ಹಾಗಾಗಿ ಆಂಪ್‌ಗೂ ಇಲ್ಲ.

ಇಲ್ಲೇ ನಮ್ಮ ಊರಿನ ಬಿಸಿಲು ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ಆಂಪ್‌ಗಳು ಒಳಬಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿದರೆ ತಮ್ಮನ್ನು ತಾವೇ ಬಂದ್ ಮಾಡಿಕೊಳ್ಳುತ್ತವೆ. ರೆಕ್ಕೆಯಿಂದ ಗಾಳಿಗೆ ಹೋಗುವ ಶಾಖ ಎರಡರ ಬಿಸಿಯ ಅಂತರಕ್ಕೆ ಹೆಚ್ಚೂಕಮ್ಮಿ ಅನುಪಾತದಲ್ಲಿರುತ್ತದೆ. ಬೆಂಗಳೂರಿನಲ್ಲಿ ಡಿಕ್ಕಿ 30 ಡಿಗ್ರಿ ಇದ್ದರೆ ಆಂಪ್‌ಗೆ 50 ಡಿಗ್ರಿಯ ಅಂತರ ಸಿಕ್ಕಿತು. ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೇ 40 ದಾಟಿ, ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ 50 ಮುಟ್ಟಿತು ಅನ್ನಿ. ಉಳಿದದ್ದು 30 ಡಿಗ್ರಿ. ಅದೇ ಆಂಪ್, ಅದೇ ಹಾಡು, ಬಿಸಿ ಹೊರಹಾಕುವ ಶಕ್ತಿ ಮಾತ್ರ ಐದರಲ್ಲಿ ಮೂರು ಪಾಲು. ಇದು ಅತಿಶಯವಲ್ಲ. ಅಮೆರಿಕದ ಆರಿಜೋನಾದ ಟೆಂಪೆ ಎಂಬ ಊರೂ ಬಿಸಿಲಿಗೆ ನಮ್ಮಂಥದ್ದೇ. ಅಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಿಸಿಲಲ್ಲಿ ಒಂದು ತಾಸು ನಿಂತ ಕಾರುಗಳ ಒಳಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ 69 ಡಿಗ್ರಿ ಮುಟ್ಟಿತ್ತು.

ಇನ್ನು ದಿಕ್ಕು. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ, ಅದಕ್ಕೆ ದಾರಿ ಬಿಡಬೇಕು. ಆಂಪ್ ನಿಲ್ಲಿಸಿ ರೆಕ್ಕೆಗಳ ಗೀರು ನೆಲದಿಂದ ಮೇಲಕ್ಕೆ ಇರುವಂತೆ ಕೂರಿಸಿದರೆ ಗೀರುಗಳ ನಡುವೆ ಗಾಳಿ ತಾನೇ ಹರಿಯುತ್ತದೆ, ಇದು ಅತ್ಯುತ್ತಮ. ಮಲಗಿಸಿ ರೆಕ್ಕೆ ಮೇಲೆ ಮಾಡಿದರೆ ಪರವಾಗಿಲ್ಲ. ಅತಿ ಕೆಟ್ಟದ್ದು ಜಾಗ ಉಳಿಸಲೆಂದು ಹಿಂದಿನ ಪಾರ್ಸೆಲ್ ಹಲಗೆಯ ಅಡಿಗೆ ತಲೆಕೆಳಗಾಗಿ ತೂಗುಹಾಕುವುದು. ಏರಿದ ಬಿಸಿ ಅದೇ ಆಂಪ್‌ನ ಮೈಗೆ ಬಡಿದು ಅಲ್ಲೇ ಕೂರುತ್ತದೆ. ಸೆಡಾನ್ ಗಾಡಿಗಳಲ್ಲಿ ಹಿಂಸೀಟಿನ ಬೆನ್ನಿಗೆ ಹಲಗೆ ನಿಲ್ಲಿಸಿ ಅದಕ್ಕೆ ಆಂಪ್ ಬಿಗಿಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಸೀಟು ಮಡಚುವಂತಿದ್ದರೆ ವೈರಿಗೆ ಸಡಿಲ ಬಿಟ್ಟಿರಬೇಕು, ಅಷ್ಟೇ. ಆಂಪ್‌ನ ಸುತ್ತ ಮೂರು ಬೆರಳಷ್ಟಾದರೂ ಬಯಲಿರಲಿ, ಎರಡು ಆಂಪ್ ಒಂದರ ಮೇಲೊಂದು ಇರುವಾಗ ಅದಕ್ಕೂ ಹೆಚ್ಚು. ತಳಕ್ಕೆ ದಪ್ಪ ಕಾರ್ಪೆಟ್ ಹೊದಿಸಿ ಅದರಲ್ಲಿ ಆಂಪ್ ಹುದುಗಿಸುವ ಚಂದದ ಕೆಲಸ ನೋಡಿದ್ದೇನೆ. ಚಂದವೇ. ಬೇಸಿಗೆ ಬರುವವರೆಗೆ.

“ಫ್ಯಾನ್ ಹಾಕಿದ್ರ ಮುಗೀತು”

ಮುಗಿಯುವುದಿಲ್ಲ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಮೊದಲೇ ಯೋಚಿಸದಿದ್ದರೆ. ಆಕ್ರಿಲಿಕ್ ಮುಚ್ಚಳ, ನೀಲಿ ಎಲ್ಇಡಿ ಪಟ್ಟಿ, ಒಳಗೆ ಎರಡು ಕಂಪ್ಯೂಟರ್ ಫ್ಯಾನ್. ಇಂಥ ಮುಚ್ಚಿದ ಪೆಟ್ಟಿಗೆಯಲ್ಲಿ ಫ್ಯಾನ್ ಅದೇ ಬಿಸಿ ಗಾಳಿಯನ್ನು ಗಿರಗಿರನೆ ತಿರುಗಿಸುತ್ತಿರುತ್ತದೆ. ಒಂದು ಕಡೆ ಒಳದಾರಿ, ಎದುರು ಕಡೆ ಹೊರದಾರಿ, ನಡುವೆ ಆಂಪ್ ಇರಬೇಕು. ಒಳದಾರಿ ಕೆಳಗೆ, ಹೊರದಾರಿ ಮೇಲೆ ಆದರೆ ಫ್ಯಾನ್ ನಿಂತರೂ ಸ್ವಲ್ಪ ಕೆಲಸ ನಡೆಯುತ್ತದೆ. 80 ಮಿಲಿಮೀಟರಿನ 12 ವೋಲ್ಟ್ ಫ್ಯಾನ್ ಒಂದೇ ಸಾಕು, ಗಾಳಿ ರೆಕ್ಕೆಯ ಗೀರಿನ ಉದ್ದಕ್ಕೆ ಹಾಯುವಂತಿದ್ದರೆ. ಅಡ್ಡ ಬಡಿದರೆ ನಾಲ್ಕಿದ್ದರೂ ಅಷ್ಟೇ. ಆಂಪ್ ಆನ್ ಮಾಡುವ ರಿಮೋಟ್ ವೈರಿಗೆ ನೇರ ಫ್ಯಾನ್ ಕಟ್ಟಬೇಡಿ, ಡೆಕ್‌ನ ಆ ತಂತಿ ಕೊಡುವ ಕರೆಂಟ್ ತೀರ ಕಡಿಮೆ. ನಡುವೆ ಒಂದು ರಿಲೇ ಇರಲಿ.

ಹತ್ತಿ ಬಿಡುವ ಕಾಲದಲ್ಲಿ ರಾಯಚೂರು, ದೇವದುರ್ಗದ ಗಾಳಿಯಲ್ಲಿ ಅರಳೆಯ ಎಳೆ ತೇಲುತ್ತಿರುತ್ತದೆ, ಭತ್ತ ಕೊಯ್ಯುವಾಗ ಮಾನ್ವಿ ಕಡೆ ಹೊಟ್ಟಿನ ದೂಳು. ಎರಡೂ ಫ್ಯಾನಿನ ರೆಕ್ಕೆಗೆ ಕಂಬಳಿಯಂತೆ ಅಂಟುತ್ತವೆ. ಹಾಗಾಗಿ ಫ್ಯಾನನ್ನು ಎರಡು ಸ್ಕ್ರೂ ತೆಗೆದರೆ ಕೈಗೆ ಬರುವಂತೆ ಕೂರಿಸಿ. ರ‍್ಯಾಕ್ ಪೂರ್ತಿ ಬಿಚ್ಚಬೇಕೆಂದರೆ ಅದನ್ನು ಯಾರೂ ಒರೆಸುವುದಿಲ್ಲ.

“ರ‍್ಯಾಕ್ ಬಾಡಿಗೆ ಬಡದ್ರ ಅರ್ಥ್ ಸಿಕ್ಕಂಗ”

ಇದು ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟಿರುವ ನಂಬಿಕೆ. ಗಾಡಿಯ ಬಾಡಿಯೇ ನೆಗೆಟಿವ್ ಎನ್ನುವುದು ನಿಜ. ಕಬ್ಬಿಣದ ರ‍್ಯಾಕ್ ಬಾಡಿಗೆ ಬೋಲ್ಟ್ ಆಗಿದೆ, ಆಂಪ್‌ನ ನೆಗೆಟಿವ್ ತುಂಡು ವೈರಿನಲ್ಲಿ ರ‍್ಯಾಕ್‌ಗೆ ಮುಟ್ಟಿಸಿದರೆ ಆಯಿತಲ್ಲ ಎಂಬುದು ವಾದ. ಆದರೆ ಆ ರ‍್ಯಾಕ್‌ಗೆ ರೆಡ್ ಆಕ್ಸೈಡ್ ಬಳಿದು ಮೇಲೆ ಕಪ್ಪು ಪೇಂಟ್ ಹೊಡೆದಿದೆ, ಬಾಡಿಗೂ ಪೇಂಟ್ ಇದೆ. ನಡುವೆ ಸಿಕ್ಕಿರುವುದು ಬೋಲ್ಟಿನ ಎಳೆಗಳಷ್ಟು ಲೋಹ. ಅದರ ಮೂಲಕ 40-50 ಆಂಪಿಯರ್ ಮರಳಬೇಕು. ಮೊದಲ ತಿಂಗಳು ನಡೆಯುತ್ತದೆ. ಬೋಲ್ಟ್ ಸ್ವಲ್ಪ ಸಡಿಲಾಗಿ, ಸ್ವಲ್ಪ ತುಕ್ಕು ಹಿಡಿದ ಮೇಲೆ ಬಾಸ್ ಬಿದ್ದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ, ಬೋಲ್ಟ್ ಬಿಸಿಯಾಗುತ್ತದೆ.

ಇನ್ನೊಂದು ರೋಗವೂ ಇಲ್ಲಿಂದಲೇ. ಎಂಜಿನ್ ವೇಗ ಏರಿಸಿದಂತೆ ಸ್ಪೀಕರ್‌ನಲ್ಲಿ ಕುಂಯ್ ಎಂಬ ಸದ್ದೂ ಏರುತ್ತದಲ್ಲ, ಅದು ಬಹುಪಾಲು ಅರ್ಥ್‌ನ ತಕರಾರು. ಮುಂದೆ ಡೆಕ್ ಒಂದು ಕಡೆ ಅರ್ಥ್ ಆಗಿದೆ, ಹಿಂದೆ ಆಂಪ್ ಇನ್ನೊಂದು ಕಡೆ, ರ‍್ಯಾಕ್ ಮೂಲಕ ಆಂಪ್‌ನ ಹೊರಮೈ ಮೂರನೆಯ ಕಡೆ. ಈ ಜಾಗಗಳ ನಡುವೆ ಅಲ್ಪಸ್ವಲ್ಪ ವೋಲ್ಟೇಜಿನ ವ್ಯತ್ಯಾಸ ಇದ್ದೇ ಇರುತ್ತದೆ. ಅದು ಆಡಿಯೊ ಕೇಬಲಿನ ಹೊರಕವಚದ ಮೂಲಕ ಹರಿದು ಹಾಡಿನೊಳಗೆ ಸೇರುತ್ತದೆ. ಜನ ಮೊದಲು ಕೇಬಲ್ ಬದಲಿಸುತ್ತಾರೆ, ಆಮೇಲೆ ಡೆಕ್ ಬದಲಿಸುತ್ತಾರೆ, ಕೊನೆಗೆ ಅಂಗಡಿಯವನನ್ನು ಬದಲಿಸುತ್ತಾರೆ.

ಸರಿಯಾದ ದಾರಿ ಸರಳ. ಆಂಪ್ ಕೂತ ಹಲಗೆ ಮರದ್ದಿರಲಿ, ಅಥವಾ ಕಬ್ಬಿಣವಾದರೆ ಆಂಪ್‌ನ ನಾಲ್ಕು ಸ್ಕ್ರೂಗಳಿಗೆ ರಬ್ಬರ್ ಬುಷ್ ಹಾಕಿ ಬೇರ್ಪಡಿಸಿ. ರ‍್ಯಾಕ್‌ನ ಕೆಲಸ ಹೊರುವುದು ಮಾತ್ರ. ಕರೆಂಟಿನ ಕೆಲಸ ವೈರಿಗೆ ಬಿಡಿ. ಪಾಸಿಟಿವ್ ವೈರಿನಷ್ಟೇ ದಪ್ಪದ ನೆಗೆಟಿವ್ ವೈರ್, 45 ಸೆಂಟಿಮೀಟರಿಗಿಂತ ಉದ್ದವಿಲ್ಲದಂತೆ, ಬಾಡಿಯ ಗಟ್ಟಿ ಜಾಗದಲ್ಲಿ ಪೇಂಟ್ ಕೆರೆದು, ಲಗ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಎರಡು ಆಂಪ್ ಇದ್ದರೆ ಎರಡರ ನೆಗೆಟಿವ್ ಕೂಡ ಅದೇ ಜಾಗಕ್ಕೆ. ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು: ಹಾಡು ಜೋರಾಗಿ ಇರುವಾಗ ಆಂಪ್‌ನ ನೆಗೆಟಿವ್ ತಿರುಪಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ವೋಲ್ಟೇಜ್ ನೋಡಿ. 0.1 ಒಳಗಿದ್ದರೆ ಕೆಲಸ ಚೊಕ್ಕ. ಅರ್ಧ ವೋಲ್ಟ್ ಬಂತೆಂದರೆ ಬಿಚ್ಚಿ ಮತ್ತೆ ಕೆರೆಯಿರಿ.

“ಆಂಪ್‌ನಾಗೇ ಫ್ಯೂಸ್ ಅದಲ್ಲ, ಮತ್ತ ಯಾಕ?”

ಆಂಪ್‌ನ ಫ್ಯೂಸ್ ಆಂಪ್‌ಗಾಗಿ. ಬ್ಯಾಟರಿ ಹತ್ತಿರದ ಫ್ಯೂಸ್ ವೈರಿಗಾಗಿ. ಬಾನೆಟ್ಟಿನಿಂದ ಡಿಕ್ಕಿವರೆಗೆ ಹೋಗುವ ಆ ಐದು ಮೀಟರ್ ವೈರ್ ನಡುದಾರಿಯಲ್ಲಿ ಎಲ್ಲಿ ಸಿಪ್ಪೆ ಸುಲಿದು ಬಾಡಿಗೆ ತಾಗಿದರೂ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಅದನ್ನು ಡಿಕ್ಕಿಯಲ್ಲಿರುವ ಫ್ಯೂಸ್ ತಡೆಯಲಾರದು, ಏಕೆಂದರೆ ಕರೆಂಟ್ ಅಲ್ಲಿಯವರೆಗೆ ಬರುವುದೇ ಇಲ್ಲ. ಕಾರ್ಪೆಟ್ ಅಡಿಯಲ್ಲಿ ಬೆಂಕಿ ಹೊತ್ತುವುದು ಹೀಗೆ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು, ಅದರ ಅಳತೆ ವೈರಿನ ತಾಕತ್ತಿಗೆ ತಕ್ಕಂತಿರಬೇಕು.

ರ‍್ಯಾಕ್ ಮಾಡುವವರು ಇಲ್ಲಿ ಮಾಡಬೇಕಾದ್ದು ಒಂದಿದೆ. ಆಂಗಲ್ ಕತ್ತರಿಸಿದ ಅಂಚು ಚಾಕುವಿನಂತಿರುತ್ತದೆ, ವೈರ್ ಅದರ ಮೇಲೆ ಹಾಯ್ದರೆ ದೇವದುರ್ಗಕ್ಕೆ ಹೋಗಿಬರುವುದರಲ್ಲಿ ಕುಯ್ಯುತ್ತದೆ. ಅಂಚು ಅರದಿಂದ ಉಜ್ಜಿ, ತೂತಿಗೆ ರಬ್ಬರ್ ಗ್ರೊಮೆಟ್ ಹಾಕಿ.

“ಡಬ್ಬಿ ಮ್ಯಾಲೆ ಐದು ಸಾವಿರ ವಾಟ್ ಬರದಾರ”

ಬರೆಯಲು ಖರ್ಚಿಲ್ಲ. ಇಂಥ ಅಂಕಿಗಳ ಹಿಂದಿರುವ ಪಿಎಂಪಿಒ ಎಂಬ ಅಳತೆಗೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ನಿಜ ತಿಳಿಯಬೇಕೆಂದರೆ ಆಂಪ್‌ನ ಬೆನ್ನಿಗಿರುವ ಫ್ಯೂಸ್ ನೋಡಿ. ಅಲ್ಲಿ 30 ಆಂಪಿಯರ್ ಎಂದಿದ್ದರೆ 13.8 ವೋಲ್ಟ್‌ಗೆ ಗುಣಿಸಿ: 414 ವಾಟ್. ಅದಕ್ಕಿಂತ ಹೆಚ್ಚು ಅದು ನಿರಂತರವಾಗಿ ಎಳೆಯಲಾರದು. ಏಬಿ ಕ್ಲಾಸ್ ಆಗಿದ್ದರೆ ಸ್ಪೀಕರ್‌ಗೆ ಬರುವುದು 250ರ ಆಸುಪಾಸು. ರ‍್ಯಾಕ್‌ಗೂ ವೈರಿಗೂ ಈ ಲೆಕ್ಕವೇ ಆಧಾರ. 5000ಕ್ಕೆ ಹೆದರಿ ದೊಡ್ಡ ಕಪಾಟು ಮಾಡಿಸಬೇಕಿಲ್ಲ.

ವೈರ್ ಮಾತ್ರ ನಿಜವಾದ ತಾಮ್ರದ್ದಿರಲಿ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ದಪ್ಪ ವೈರುಗಳು ಬಹಳಷ್ಟು ತಾಮ್ರದ ಲೇಪ ಹೊದ್ದ ಅಲ್ಯುಮಿನಿಯಂ. ಒಂದು ಎಳೆ ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. 10 ಚದರ ಮಿಲಿಮೀಟರಿನ ತಾಮ್ರದ ವೈರ್ ಐದು ಮೀಟರ್ ದೂರಕ್ಕೆ 50 ಆಂಪಿಯರ್ ಹೊತ್ತಾಗ ಕಳೆದುಕೊಳ್ಳುವುದು 0.43 ವೋಲ್ಟ್, ಅಷ್ಟೇ ದಪ್ಪದ ಲೇಪದ ವೈರ್ ಅದರ ಒಂದೂವರೆ ಪಟ್ಟು. ಲೇಪದ್ದೇ ಹಾಕುವುದಾದರೆ ಒಂದು ಅಳತೆ ದಪ್ಪದ್ದು ತನ್ನಿ.

“ಕೆಪಾಸಿಟರ್ ಇಟ್ರ ಬ್ಯಾಟರಿಗೆ ಭಾರ ಆಗಂಗಿಲ್ಲ”

ರ‍್ಯಾಕ್ ಮಧ್ಯದಲ್ಲಿ ಮಿನುಗುವ ಅಂಕಿಗಳ ಆ ಒಂದು ಫ್ಯಾರಡ್ ಡಬ್ಬಿ ನೋಡಲು ಗತ್ತು. ವೋಲ್ಟೇಜ್ 13.8ರಿಂದ 12.8ಕ್ಕೆ ಇಳಿಯುವಾಗ ಅದು ಕೊಡಬಲ್ಲ ಶಕ್ತಿ ಸುಮಾರು 13 ಜೂಲ್. 500 ವಾಟ್ ಎಳೆಯುವ ಆಂಪ್‌ಗೆ ಅದು ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲು ಸಾಕಾಗುತ್ತದೆ. ಆಲ್ಟರ್ನೇಟರ್‌ಗೆ ತಾಕತ್ತು ಸಾಲದಿದ್ದರೆ ಕೆಪಾಸಿಟರ್ ಅದನ್ನು ತುಂಬಿಕೊಡಲಾರದು. ಆ ದುಡ್ಡಿನಲ್ಲಿ ದಪ್ಪ ವೈರ್ ತನ್ನಿ, ಆ ಜಾಗವನ್ನು ಗಾಳಿಗೆ ಬಿಡಿ.

“ವೆಲ್ಡಿಂಗ್ ಹೊಡದ್ರ ಮಾತ್ರ ಗಟ್ಟಿ”

ರೈಸ್ ಮಿಲ್ಲಿಗೆ ಕಟ್ಟಿ ಅಭ್ಯಾಸವಾದ ಕೈ ಡಿಕ್ಕಿಗೂ 50×50×6ರ ಆಂಗಲ್ಲೇ ತೆಗೆಯುತ್ತದೆ. ಅದು ಮೀಟರಿಗೆ 4.5 ಕೆ.ಜಿ. ಮೂರು ಮೀಟರ್ ಹಾಕಿದರೆ ಆಂಪ್ ಏರುವ ಮೊದಲೇ 13 ಕೆ.ಜಿ. ಮೀರಿತು. 25×25×3ರದ್ದಾದರೆ ಮೀಟರಿಗೆ 1.1 ಕೆ.ಜಿ.; ಎರಡು ಮೂರು ಆಂಪ್ ಹೊರಲು ಅದು ಧಾರಾಳ. ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಆಂಗಲ್ಲೇ ಬೇಕಿಲ್ಲ. 60×40 ಸೆಂಟಿಮೀಟರಿನ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ ಮೂರು ಕೆ.ಜಿ.ಗಿಂತ ಕಡಿಮೆ ತೂಗುತ್ತದೆ, ಕಡಿಮೆ ನಡುಗುತ್ತದೆ, ಕರೆಂಟ್ ಹರಿಸುವುದಿಲ್ಲ, ಮನೆಯ ಡ್ರಿಲ್‌ನಲ್ಲೇ ಕೆಲಸ ಮುಗಿಯುತ್ತದೆ. ಎಂಡಿಎಫ್ ನೀರು ಕುಡಿದರೆ ಉಬ್ಬುತ್ತದೆ, ಸ್ಕ್ರೂ ಎರಡು ಸಲ ಬಿಚ್ಚಿ ಹಾಕಿದರೆ ಹಿಡಿತ ಬಿಡುತ್ತದೆ. ಸ್ಪೀಕರ್ ಬಾಕ್ಸಿಗೆ ಅದು ಒಳ್ಳೆಯದು, ರ‍್ಯಾಕ್‌ಗೆ ಪ್ಲೈವುಡ್.

ಗಟ್ಟಿತನ ಬೇಕಾದದ್ದು ರ‍್ಯಾಕ್‌ಗಲ್ಲ, ರ‍್ಯಾಕ್ ಬಾಡಿಯನ್ನು ಹಿಡಿದಿರುವ ಜಾಗಕ್ಕೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಏನಕ್ಕಾದರೂ ಬಡಿದು ಮುಂಭಾಗ ಅರ್ಧ ಮೀಟರ್ ಚಿಲ್ಲರೆ ನುಜ್ಜಾಗುವಷ್ಟರಲ್ಲಿ ನಿಂತಿತು ಎಂದುಕೊಳ್ಳಿ. ಒಳಗಿರುವ ಪ್ರತಿಯೊಂದೂ ಆ ಗಳಿಗೆಗೆ ತನ್ನ ತೂಕದ ಹದಿನಾರು ಪಟ್ಟಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಆಂಪ್ ಸೇರಿ 8 ಕೆ.ಜಿ.ಯ ಪ್ಲೈವುಡ್ ರ‍್ಯಾಕ್ ಆಗ ಸುಮಾರು 130 ಕೆ.ಜಿ.; ಆಂಗಲ್ ಹಾಕಿದ 21 ಕೆ.ಜಿ.ಯದ್ದು 330 ಮೀರುತ್ತದೆ. ಅದರ ಮುಂದೆ ಇರುವುದು ಹಿಂಸೀಟಿನಲ್ಲಿ ಕೂತ ಮಕ್ಕಳ ಬೆನ್ನು. ತಗಡಿಗೆ ತಿರುಪಿದ ಸೆಲ್ಫ್ ಸ್ಕ್ರೂ ಈ ಎಳೆತಕ್ಕೆ ಹಲ್ಲು ಕಿತ್ತಂತೆ ಬರುತ್ತದೆ. ಸೀಟಿನ ಕೀಲು, ಬೆಲ್ಟಿನ ಆಸರೆ ಮುಂತಾದ ಸುರಕ್ಷತಾ ಬೋಲ್ಟುಗಳನ್ನು ಬಿಚ್ಚಿ ರ‍್ಯಾಕ್‌ಗೆ ಬಳಸಬೇಡಿ. ಕಂಪನಿಯೇ ಬಿಟ್ಟಿರುವ ಬೇರೆ ನಟ್ ಜಾಗಗಳಿರುತ್ತವೆ. ಹೊಸ ತೂತೇ ಬೇಕಾದರೆ 8 ಮಿಲಿಮೀಟರಿನ ಬೋಲ್ಟ್, ತಗಡಿನ ಎರಡೂ ಬದಿಗೆ ಅಗಲ ವಾಷರ್, ನೈಲಾಕ್ ನಟ್. ಕೊರೆಯುವ ಮುನ್ನ ಗಾಡಿಯ ಅಡಿಗೆ ಇಣುಕಿ ನೋಡಲೇಬೇಕು: ಬಹಳಷ್ಟು ಕಾರುಗಳ ಇಂಧನ ಟ್ಯಾಂಕ್ ಹಿಂಸೀಟಿನ ಕೆಳಗೇ ಇದೆ, ಬ್ರೇಕ್ ಪೈಪ್ ಅಲ್ಲೇ ಹಾಯುತ್ತದೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅದರ ಚೌಕಟ್ಟಿಗೆ ಏನನ್ನೂ ನೇತುಹಾಕಬಾರದು.

ವೆಲ್ಡಿಂಗ್ ಮಾಡಿಸುವುದೇ ಆದರೆ ರ‍್ಯಾಕ್ ಹೊರಗೆ ತೆಗೆದು ಮಾಡಿಸಿ. ಗಾಡಿಯೊಳಗೇ ಹಚ್ಚಿದರೆ ವೆಲ್ಡಿಂಗ್ ಕರೆಂಟ್ ಬಾಡಿಯ ಮೂಲಕ ಹರಿದು ಆಲ್ಟರ್ನೇಟರ್‌ನ ಡಯೋಡ್, ಎಂಜಿನ್ ಕಂಪ್ಯೂಟರ್ ಎರಡಕ್ಕೂ ಅಪಾಯ. ಅನಿವಾರ್ಯವಾದರೆ ಬ್ಯಾಟರಿಯ ಎರಡೂ ತಂತಿ ಕಳಚಿರಬೇಕು, ಆಂಪ್‌ದೂ ಕಳಚಿರಬೇಕು.

“ಊಫರ್ ಬಾಕ್ಸ್ ಮ್ಯಾಲೇ ಬಿಗದ್ರ ಆತು”

ಜಾಗ ಉಳಿಯುತ್ತದೆ, ವೈರ್ ಚಿಕ್ಕದಾಗುತ್ತದೆ, ಬಹಳ ಜನ ಹಾಗೇ ಮಾಡಿದ್ದಾರೆ, ಎಷ್ಟೋ ಆಂಪ್ ವರ್ಷಗಟ್ಟಲೆ ನಡೆದಿವೆ. ಒಪ್ಪುತ್ತೇನೆ. ಆದರೆ ಬಾಕ್ಸಿನ ಗೋಡೆ ಪ್ರತಿ ಬಾಸ್‌ಗೂ ನಡುಗುತ್ತದೆ. ಆಂಪ್ ಒಳಗಿನ ಭಾರದ ಕಾಯಿಲ್, ಎತ್ತರದ ಕೆಪಾಸಿಟರ್‌ಗಳು ತಮ್ಮ ಕಾಲಿನ ಬೆಸುಗೆಯನ್ನು ಅಲುಗಾಡಿಸುತ್ತಲೇ ಇರುತ್ತವೆ. ತಿರುಪುಗಳೂ ಸಡಿಲಾಗುತ್ತವೆ. ಗಾಳಿ ಸೋರುವಂತೆ ಬಾಕ್ಸಿಗೆ ತೂತು ಬಿದ್ದರೆ ಬಾಸ್ ಕೂಡ ಕೆಡುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಬಾಕ್ಸಿನ ಮೇಲೆ ನೇರ ಬಿಗಿಯದೆ, ರಬ್ಬರ್ ಗುಂಡಿಗಳ ಮೇಲೆ ಒಂದು ಹಲಗೆ ತೇಲಿಸಿ ಅದಕ್ಕೆ ಬಿಗಿಯಿರಿ. ಆಂಪ್‌ನ ಗೇನ್ ತಿರುಪು ಕೈಗೆ ಸಿಗುವಂತಿರಲಿ.

“ಕಾರಿಗೆ ಆಗಿದ್ದು ಟ್ರ್ಯಾಕ್ಟರ್‌ಗೂ ಆಗ್ತದ”

ನಮ್ಮ ಕಡೆ ಇದು ಕಾರಿಗಿಂತ ದೊಡ್ಡ ವಿಷಯ. ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿಂದ ದೇವದುರ್ಗದ ಹತ್ತಿ ಹೊಲದವರೆಗೆ, ಹಾಡದ ಟ್ರ್ಯಾಕ್ಟರ್ ಸಿಗುವುದು ಕಷ್ಟ. ಆದರೆ ಬಹಳಷ್ಟು ಟ್ರ್ಯಾಕ್ಟರ್‌ಗಳ ಆಲ್ಟರ್ನೇಟರ್ 36ರಿಂದ 45 ಆಂಪಿಯರ್‌ನದ್ದು. 40 ಆಂಪಿಯರ್ ಫ್ಯೂಸಿನ ಎರಡು ಆಂಪ್ ಹಚ್ಚಿದರೆ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತದೆ, ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲ. ಇಲ್ಲಿ ಡಿ ಕ್ಲಾಸ್ ಆಂಪ್ ಒಂದೇ ಸಾಕು. ಅದೇ ಸದ್ದಿಗೆ ಕಡಿಮೆ ಕರೆಂಟ್, ಕಡಿಮೆ ಬಿಸಿ.

ರ‍್ಯಾಕ್ ವಿಷಯದಲ್ಲಿ ಎಲ್ಲವೂ ಕಾರಿಗಿಂತ ಕಠಿಣ. ಟ್ರ್ಯಾಕ್ಟರ್‌ನ ಮೈಯೆಲ್ಲ ಎಂಜಿನ್ನಿನ ನಡುಕ, ನೇರ ಬಿಸಿಲು, ದೂಳು, ಮೇಲೆ ಪಂಪ್ ಹಚ್ಚಿ ತೊಳೆಯುವ ನೀರು. ಆಂಪ್ ಅನ್ನು ಟಾಪಿನ ತಗಡಿನ ಅಡಿಗೆ ಅಂಟಿಸಿದರೆ ಕಾದ ಹಂಚಿನ ಕೆಳಗೆ ಕೂತ ಹಾಗೆ. ಸೀಟಿನ ಹಿಂದೆ ಮಡ್‌ಗಾರ್ಡ್ ನಡುವೆ, ಬದಿಗೆ ಗಾಳಿಕಂಡಿ ಇರುವ ಸಣ್ಣ ಪೆಟ್ಟಿಗೆ ಮಾಡಿ ಕೆಳಗೆ ರಬ್ಬರ್ ಬುಷ್ ಕೊಡುವುದು ಒಳ್ಳೆಯದು. ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ರೋಲ್ ಬಾರ್ ಇದ್ದರೆ ಅದಕ್ಕೆ ತೂತು ಕೊರೆಯಬಾರದು, ವೆಲ್ಡ್ ಹಚ್ಚಬಾರದು. ಯು ಕ್ಲ್ಯಾಂಪ್ ಹಾಕಿ. ಇನ್ನು ಸ್ಪೀಕರ್ ಚಾಲಕನ ಕಿವಿಯಿಂದ ಎರಡು ಅಡಿಯಲ್ಲಿರುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದು, ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ ಎನ್ನುವುದು ಕೆಲಸಗಾರರ ಕಿವಿ ಕಾಯಲು ಬಳಸುವ ಲೆಕ್ಕ. 100 ಡೆಸಿಬಲ್‌ಗೆ ಸಿಗುವುದು ಹದಿನೈದು ನಿಮಿಷ.

“ನಮ್ ಗಾಡಿ, ನಮ್ ಸೌಂಡ್, ಯಾರ್ ಕೇಳ್ತಾರ?”

ಕೇಳಬಹುದು. ಶಬ್ದಮಾಲಿನ್ಯ ನಿಯಮಗಳು 2000ದಿಂದ ಜಾರಿಯಲ್ಲಿವೆ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದದ ಮಿತಿ ಮೀರಿದ ವಾಹನಕ್ಕೆ 2019ರ ತಿದ್ದುಪಡಿಯ ನಂತರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಡಿಕ್ಕಿಯಲ್ಲಿ ಒಂದು ಹಲಗೆ ಬಿಗಿಯುವುದರಿಂದ ಆರ್‌ಸಿಯ ವಿವರ ಬದಲಾಗುವುದಿಲ್ಲ. ಆದರೆ ದೊಡ್ಡ ರ‍್ಯಾಕ್‌ಗೆ ಜಾಗವಾಗಲೆಂದು ಹಿಂಸೀಟೇ ಕಿತ್ತರೆ ಸೀಟಿನ ಸಂಖ್ಯೆ ಬದಲಾಯಿತು. ಅದು 52ನೇ ಕಲಂನ ಹಿಡಿತಕ್ಕೆ ಬರುತ್ತದೆ. ಕಾರ ಹುಣ್ಣಿಮೆಯ ಮುಂಗಾರು ಹಬ್ಬಕ್ಕೋ ಗಣಪತಿಗೋ ಒಂದು ದಿನ ನುಡಿಸಲು ಇಷ್ಟೆಲ್ಲ ಬೇಕೇ ಎಂದು ನಾನು ಕೇಳಿದರೆ ಹುಡುಗರಿಗೆ ಸಿಟ್ಟು ಬರುತ್ತದೆ, ಹಾಗಾಗಿ ಕೇಳುವುದಿಲ್ಲ.

“ಒಮ್ಮೆ ಬಿಗದ್ರ ಮುಗೀತು”

ಪ್ಲೈವುಡ್ ವಾಷರ್‌ನ ಅಡಿಯಲ್ಲಿ ಮೊದಲ ಕೆಲವು ವಾರ ಸ್ವಲ್ಪ ಸ್ವಲ್ಪವೇ ಅದುಮಿಕೊಳ್ಳುತ್ತಾ ಹೋಗುತ್ತದೆ, ರಬ್ಬರ್ ಬುಷ್ ಕೂಡ ಕುಗ್ಗುತ್ತದೆ. ನಮ್ಮ ಎರೆಭೂಮಿಯ ರಸ್ತೆಗಳು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ ಅಲೆಯಲೆಯಾಗಿರುತ್ತವೆ. ಕುಲುಕಾಟ ಉಳಿದ ಕೆಲಸ ಮಾಡುತ್ತದೆ. ಬಿಗಿದ ಹದಿನೈದು ದಿನದ ಮೇಲೆ ಒಮ್ಮೆ, ಆಮೇಲೆ ಯುಗಾದಿಗೊಮ್ಮೆ ದಸರೆಗೊಮ್ಮೆ ಎಲ್ಲ ಬೋಲ್ಟಿಗೂ ಸ್ಪ್ಯಾನರ್ ಹಾಕಿ. ಅರ್ಥ್ ಬೋಲ್ಟಿನಿಂದ ಶುರು ಮಾಡಿ. ಅದಕ್ಕೆ ಮುನ್ನ ಬ್ಯಾಟರಿ ಹತ್ತಿರದ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ.